ಎತ್ತರ ಒಂದೇ, ಕಾಲಿನ ಅಳತೆ ಬೇರೆ: ಅಣ್ಣ–ತಮ್ಮ ಇಬ್ಬರಿಗೂ ಒಂದೇ ಎಂಟಿಬಿ ಫ್ರೇಮ್ ಹೊಂದೀತೇ?

ಕೆಲಗೇರಿ ದಂಡೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ತಮ್ಮ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಆದರೆ ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಇಬ್ಬರಿಗೂ ಸೇರಿ ಒಂದು ಮೌಂಟನ್ ಬೈಕ್ (ಎಂಟಿಬಿ) ಕೊಳ್ಳಬೇಕೆಂದು ಯುಗಾದಿಯಿಂದ ಹಣ ಕೂಡಿಸುತ್ತ ಬಂದಿದ್ದೇವೆ. ದಿನಾಲೂ ಮುಂಜಾನೆ ನಾನು ಕೆಲಗೇರಿ ಕೆರೆಯ ದಂಡೆಯಿಂದ ಮುಗದದ ಕಡೆಗೆ ಹೋಗುವ ಗರಸಿನ ದಾರಿಗಳಲ್ಲಿ ಒಂದು ತಾಸು ಓಡಿಸುವುದು, ರವಿವಾರ ಅವನು ನುಗ್ಗಿಕೇರಿ ಮತ್ತು ಸೋಮೇಶ್ವರ ಗುಡಿಯ ಸುತ್ತಲಿನ ಏರಿಳಿತಗಳಲ್ಲಿ ಅಡ್ಡಾಡುವುದು ಎಂಬುದು ನಮ್ಮ ಲೆಕ್ಕ. ಎರಡು ಸೈಕಲ್ ಕೊಳ್ಳುವ ಶಕ್ತಿ ಸದ್ಯಕ್ಕೆ ನಮಗಿಲ್ಲ.

ನಾವಿಬ್ಬರೂ ಸರಿಯಾಗಿ ಒಂದೇ ಎತ್ತರ, 168 ಸೆಂ.ಮೀ., ಅಂದರೆ ಐದು ಅಡಿ ಆರು ಇಂಚು. ಹೀಗಾಗಿ ಒಬ್ಬರಿಗೆ ಹೊಂದಿದ ಫ್ರೇಮ್ ಇನ್ನೊಬ್ಬರಿಗೂ ಹೊಂದುತ್ತದೆ ಎಂದೇ ನಂಬಿದ್ದೆ. ಆದರೆ ಕಳೆದ ತಿಂಗಳು ಸ್ನೇಹಿತರೊಬ್ಬರ ಸೈಕಲ್ಲನ್ನು ಒಂದು ವಾರ ಎರವಲು ತಂದಾಗ ಆ ನಂಬಿಕೆ ಅಲುಗಾಡಿತು. ಅದರ ಫ್ರೇಮ್ ಮೇಲೆ 19 ಎಂದು ಬರೆದಿತ್ತು. ನನಗೆ ಅರ್ಧ ತಾಸಿನೊಳಗೆ ಅಂಗೈ ಜೋಮು ಹಿಡಿಯುತ್ತಿತ್ತು, ಕುತ್ತಿಗೆಯ ಹಿಂಭಾಗ ಬಿಗಿಯುತ್ತಿತ್ತು, ಹ್ಯಾಂಡಲ್ ನನ್ನಿಂದ ದೂರ ಓಡುತ್ತಿದೆ ಎನಿಸುತ್ತಿತ್ತು. ತಮ್ಮನಿಗೆ ಇದಾವುದೂ ಆಗಲಿಲ್ಲ, ಹ್ಯಾಂಡಲ್ ತನ್ನ ಕೈಗೆ ಅಳೆದು ಇಟ್ಟಂತಿದೆ ಎಂದ. ಆದರೆ ಇಳಿಜಾರಿನಲ್ಲಿ ತಟ್ಟನೆ ನಿಲ್ಲಿಸಿ ಕಾಲು ಊರಿದಾಗ ಮೇಲಿನ ದಂಡಿ ಅವನಿಗೆ ಜೋರಾಗಿ ಬಡಿಯಿತು. ನನಗೆ ಅದೇ ಜಾಗದಲ್ಲಿ ಕಾಲು ಆರಾಮವಾಗಿ ನೆಲ ಮುಟ್ಟಿತ್ತು.

ಅಂಗಡಿಗಳಲ್ಲಿ ವಿಚಾರಿಸಿದರೆ ಗೊಂದಲ ಇನ್ನೂ ಹೆಚ್ಚಾಯಿತು. ಒಬ್ಬರು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ 26 ಸೈಜ್ ಸಾಕು ಎಂದರು, ಇನ್ನೊಬ್ಬರು ಈಗ ಎಲ್ಲರೂ ಒಯ್ಯುವುದು 29 ಎಂದರು, ಮೂರನೆಯವರು ತೋರಿಸಿದ ಪಟ್ಟಿಯಲ್ಲಿ 168 ಸೆಂ.ಮೀ. ಎಂಬುದು 17 ಇಂಚು ಮತ್ತು 19 ಇಂಚು ಎರಡರ ಸಾಲಿನಲ್ಲೂ ಬರುತ್ತಿತ್ತು. ಒಳಗಾಲಿನ ಅಳತೆ ಎಷ್ಟು ಎಂದು ಅವರು ಕೇಳಿದಾಗ ನಮ್ಮ ಟೇಲರ್ ಬರೆದುಕೊಂಡಿರುವ 30 ಇಂಚು ಎಂಬ ಲೆಕ್ಕವನ್ನೇ ಹೇಳಿ ಬಂದೆ.

ಒಂದೇ ಎತ್ತರದ ಇಬ್ಬರಿಗೆ ಒಂದು ಫ್ರೇಮ್ ಏಕೆ ಬೇರೆ ಬೇರೆ ರೀತಿಯಲ್ಲಿ ತೊಂದರೆ ಕೊಡುತ್ತದೆ? ಎರಡು ಅಳತೆಗಳ ಗಡಿಯಲ್ಲಿರುವವರು ಚಿಕ್ಕದನ್ನು ಒಯ್ಯಬೇಕೋ ದೊಡ್ಡದನ್ನು ಒಯ್ಯಬೇಕೋ? ಅನುಭವವಿರುವ ಹಿರಿಯರು ತಿಳಿಸಿದರೆ ಉಪಕಾರವಾಗುತ್ತದೆ.


ಗರಸು ಹಾದಿ, ಗದಗ

ಗುರುಗಳೇ, ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಹ್ಯಾಂಡಲ್ ನಿಮಗೆ ದೂರವಾಯಿತು, ದಂಡಿ ನಿಮ್ಮ ತಮ್ಮನಿಗೆ ಎತ್ತರವಾಯಿತು. ಅಂದರೆ ನಿಮ್ಮ ಎತ್ತರದ ಹೆಚ್ಚಿನ ಪಾಲು ಕಾಲಿನಲ್ಲಿದೆ, ಅವರ ಎತ್ತರದ ಹೆಚ್ಚಿನ ಪಾಲು ಸೊಂಟದ ಮೇಲಿದೆ. ಎತ್ತರದ ಪಟ್ಟಿ ಈ ಇಬ್ಬರನ್ನೂ ಒಂದೇ ಮನುಷ್ಯ ಎಂದು ಎಣಿಸುತ್ತದೆ. ಪಟ್ಟಿ ಸುಳ್ಳಲ್ಲ, ಅದು ಅಂಗಡಿಯ ಯಾವ ಮೂಲೆಯಲ್ಲಿ ಹುಡುಕಬೇಕೆಂದು ತೋರಿಸುತ್ತದೆ. ಅಲ್ಲಿಂದ ಮುಂದೆ ಅಳತೆ ಟೇಪು ಬೇಕು.

ಮೊದಲು ಟೇಲರ್ ಲೆಕ್ಕವನ್ನು ಬಿಟ್ಟುಬಿಡಿ. ಪ್ಯಾಂಟಿನ ಒಳಗಾಲು ಹೊಲಿಗೆ ಕೂಡುವ ಜಾಗದಿಂದ ಕೆಳಗಿನ ಮಡಿಕೆಯವರೆಗಿನ ಬಟ್ಟೆಯ ಉದ್ದ, ಅದು ನೆಲವನ್ನು ಮುಟ್ಟುವುದೂ ಇಲ್ಲ, ಮೇಲೆ ಮೈಗೆ ಒತ್ತಿ ಕೂಡುವುದೂ ಇಲ್ಲ. ಸೈಕಲ್ಲಿಗೆ ಬೇಕಾದದ್ದು ನೆಲದಿಂದ ತೊಡೆಸಂದಿನ ಎಲುಬಿನವರೆಗಿನ ಉದ್ದ. ಇದು ಪ್ಯಾಂಟಿನ ಅಳತೆಗಿಂತ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಹೆಚ್ಚೇ ಇರುತ್ತದೆ.

ಅಳೆಯುವ ಕ್ರಮ ಹೀಗೆ. ಬರಿಗಾಲಿನಲ್ಲಿ, ಬಿಗಿಯಾದ ಚಡ್ಡಿ ಹಾಕಿಕೊಂಡು, ಹಿಮ್ಮಡಿಯನ್ನೂ ಬೆನ್ನನ್ನೂ ಗೋಡೆಗೆ ತಾಗಿಸಿ ನಿಲ್ಲಿ. ಪಾದಗಳ ನಡುವೆ ಒಂದು ಗೇಣಿನಷ್ಟು ಅಂತರವಿರಲಿ. ರಟ್ಟಿನ ಹೊದಿಕೆಯ ದಪ್ಪ ಪುಸ್ತಕವೊಂದನ್ನು ಕಾಲುಗಳ ನಡುವೆ ಹಿಡಿದು, ಅದರ ಒಂದು ಅಂಚು ಗೋಡೆಗೆ ಪೂರ್ತಿ ತಾಗಿರುವಂತೆ ನೋಡಿಕೊಂಡು, ಸೀಟಿನ ಮೇಲೆ ಕುಳಿತಾಗ ಎಷ್ಟು ಒತ್ತು ಬೀಳುತ್ತದೆಯೋ ಅಷ್ಟು ಒತ್ತುವವರೆಗೆ ಮೇಲಕ್ಕೆ ಎಳೆಯಿರಿ. ಪುಸ್ತಕ ಓರೆಯಾದರೆ ಲೆಕ್ಕ ತಪ್ಪುತ್ತದೆ, ಆದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತು ನೋಡಲಿ. ಪುಸ್ತಕದ ಮೇಲಂಚಿನ ನೇರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು, ಅಲ್ಲಿಂದ ನೆಲಕ್ಕೆ ಅಳೆಯಿರಿ. ಮೂರು ಸಲ ಮಾಡಿ. ನನ್ನ ಬಳಿ ಬರುವ ಹುಡುಗರಲ್ಲಿ ಬಹಳ ಮಂದಿ ಮೊದಲ ಸಲ ಸಂಕೋಚದಿಂದ ಸಡಿಲವಾಗಿ ಹಿಡಿಯುತ್ತಾರೆ, ಅದರಿಂದ ಎರಡು ಮೂರು ಸೆಂ.ಮೀ. ಕಡಿಮೆ ಬರುತ್ತದೆ.

ಹೀಗೆ ಬಂದ ಸೆಂ.ಮೀ. ಲೆಕ್ಕವನ್ನು 0.226ರಿಂದ ಗುಣಿಸಿದರೆ ಎಂಟಿಬಿ ಫ್ರೇಮಿನ ಅಂದಾಜು ಅಳತೆ ಇಂಚಿನಲ್ಲಿ ಸಿಗುತ್ತದೆ. ಅದೇ ಅಳತೆಯನ್ನು 0.883ರಿಂದ ಗುಣಿಸಿದರೆ ಪೆಡಲಿನ ಅಚ್ಚಿನ (ಎರಡೂ ಪೆಡಲಿನ ತೋಳುಗಳು ಕೂಡಿ ತಿರುಗುವ, ಫ್ರೇಮಿನ ಕೆಳಗಿನ ಅಚ್ಚು) ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಉದ್ದ ಬರುತ್ತದೆ. ಈ ಎರಡನೆಯ ಸೂತ್ರವನ್ನು 1986, 1989 ಮತ್ತು 1990ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಅದು ಡಾಂಬರು ರಸ್ತೆಯ ಸೈಕಲ್ಲಿನಿಂದ ಬಂದ ಲೆಕ್ಕ. ಗರಸು, ಕಲ್ಲು, ಇಳಿಜಾರು ಇರುವ ಕಡೆ ಅದಕ್ಕಿಂತ ಒಂದು ಸೆಂ.ಮೀ. ಕೆಳಗಿಟ್ಟುಕೊಂಡರೆ ಹಿಡಿತ ಸುಲಭ. ಸೂತ್ರದ ಮೇಲೆ ಭರವಸೆ ಬಾರದಿದ್ದರೆ ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತಿರುಗಿಸಿ ನೋಡಿ. ಪೆಡಲ್ ಅತಿ ಕೆಳಗೆ ಬಂದಾಗ ಮೊಣಕಾಲು ಪೂರ್ತಿ ನೇರವಾಗಬೇಕು, ಸೊಂಟ ಆ ಕಡೆ ಈ ಕಡೆ ಓಲಬಾರದು. ಆಮೇಲೆ ಮುಂಗಾಲಿನಿಂದ ತುಳಿದಾಗ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿಯಷ್ಟು ಬಾಗು ತಾನಾಗಿಯೇ ಉಳಿಯುತ್ತದೆ.

ಇದಿಷ್ಟು ಕಾಲಿನ ಮಾತು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನಿಮ್ಮ ತೊಂದರೆ ಶುರುವಾಗುವುದೇ ಇಲ್ಲಿಂದ. ಸೀಟನ್ನು ಮೇಲೆ ಕೆಳಗೆ ಮಾಡಬಹುದು, ಆದರೆ ಫ್ರೇಮಿನ ಉದ್ದವನ್ನು ಯಾರೂ ಬದಲಾಯಿಸಲಾರರು. ಆ ಉದ್ದವನ್ನು ಎರಡು ರೀತಿಯಲ್ಲಿ ಹೇಳುತ್ತಾರೆ. ಪೆಡಲಿನ ಅಚ್ಚಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆದರೆ, ಆ ಗೆರೆಯಿಂದ ಮುಂದಿನ ಹೆಡ್ ಟ್ಯೂಬಿನ (ಹ್ಯಾಂಡಲ್ ತಿರುಗುವ ಫ್ರೇಮಿನ ಕೊಳವೆ) ಮೇಲ್ತುದಿಯವರೆಗಿನ ಅಡ್ಡ ಅಂತರ ‘ರೀಚ್’. ಪೆಡಲಿನ ಮೇಲೆ ಎದ್ದು ನಿಂತು ಇಳಿಜಾರು ಇಳಿಯುವಾಗ ಮೈಗೆ ತಿಳಿಯುವುದು ಇದು. ಸೀಟಿನ ಕಂಬಿಯಿಂದ ಹೆಡ್ ಟ್ಯೂಬಿನವರೆಗೆ ಅಡ್ಡಲಾಗಿ ಅಳೆದದ್ದು ಟಾಪ್ ಟ್ಯೂಬಿನ ಉದ್ದ. ಕುಳಿತು ತುಳಿಯುವಾಗ ತಿಳಿಯುವುದು ಇದು. ನಿಮ್ಮ ಜೋಮು ಹಿಡಿದ ಅಂಗೈ ಈ ಎರಡನೆಯದನ್ನು ಹೇಳುತ್ತಿದೆ. ಸಾಮಾನ್ಯವಾಗಿ ಒಂದು ಅಳತೆಯಿಂದ ಮುಂದಿನ ಅಳತೆಗೆ ರೀಚ್ ಎರಡರಿಂದ ಎರಡೂವರೆ ಸೆಂ.ಮೀ. ಹೆಚ್ಚುತ್ತದೆ. ಕೇಳಲು ಅಲ್ಪವೆನಿಸಿದರೂ ಒಂದು ತಾಸು ತುಳಿದ ಮೇಲೆ ಭುಜಕ್ಕೆ ಅದರ ತೂಕ ತಿಳಿಯುತ್ತದೆ.

ಆದ್ದರಿಂದ ಒಳಗಾಲಿನ ಜೊತೆಗೆ ಇನ್ನೊಂದು ಅಳತೆ ಬೇಕು. ಎರಡೂ ಕೈಗಳನ್ನು ಭುಜದ ನೇರಕ್ಕೆ ಚಾಚಿ, ಒಂದು ನಡುಬೆರಳಿನ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆಯಿರಿ. ಈ ಅಳತೆ ಎತ್ತರಕ್ಕಿಂತ ಹೆಚ್ಚಿದ್ದವರು ಎರಡರ ಗಡಿಯಲ್ಲಿದ್ದಾಗ ದೊಡ್ಡದರ ಕಡೆಗೆ, ಕಡಿಮೆಯಿದ್ದವರು ಚಿಕ್ಕದರ ಕಡೆಗೆ ವಾಲಬಹುದು.

ನಮ್ಮ ಕಡೆ ಹಿಂದೆ ಮನೆಗೊಂದೇ ಸೈಕಲ್ ಇರುತ್ತಿತ್ತು. 22 ಅಥವಾ 24 ಇಂಚಿನ ಕರಿ ಫ್ರೇಮ್; ಅಜ್ಜನೂ ಅದನ್ನೇ ಓಡಿಸುತ್ತಿದ್ದರು, ಕಾಲು ಎಟುಕದ ನಾವು ದಂಡಿಯ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದೆವು. ಎಲ್ಲರಿಗೂ ಒಂದೇ ಸೈಕಲ್ ಸಾಕು ಎಂಬ ರೂಢಿ ಅಲ್ಲಿಂದ ಬಂದದ್ದು. ಆ ಸೈಕಲ್ಲಿನಲ್ಲಿ ನೆಟ್ಟಗೆ ಕುಳಿತು ಸಾವಕಾಶವಾಗಿ ಸಂತೆಗೆ ಹೋಗುತ್ತಿದ್ದರು, ಹ್ಯಾಂಡಲ್ ತಾನೇ ಬಾಗಿ ಕೈಗೆ ಬರುತ್ತಿತ್ತು. ಎಂಟಿಬಿಯಲ್ಲಿ ಮೈಭಾರದ ಒಂದು ಪಾಲನ್ನು ಕೈಗಳೇ ಹೊರಬೇಕು, ಅದರಿಂದಲೇ ಅದು ಉದ್ದದ ತಪ್ಪನ್ನು ಸಹಿಸುವುದಿಲ್ಲ.

ನಾಲ್ಕೂ ಅಳತೆಗಳನ್ನು ಇಲ್ಲಿ ಬರೆಯಿರಿ, ಆಮೇಲೆ ಖಚಿತವಾಗಿ ಹೇಳಬಹುದು.


ಪಾನಾ ಪಕ್ಕಡ, ಹುಬ್ಬಳ್ಳಿ

ಮೇಲಿನವರು ಹೇಳಿದ ಮಾತಿಗೆ ರಿಪೇರಿ ಮಾಡುವವನಾಗಿ ನನ್ನದೊಂದಿಷ್ಟು ಸೇರಿಸುತ್ತೇನೆ. ಅಂಗಡಿಯವರು ಹೇಳಿದ 26 ಮತ್ತು 29 ಎರಡೂ ಗಾಲಿಯ ಅಳತೆಗಳು, ಫ್ರೇಮಿನದಲ್ಲ. ನಮ್ಮ ಗಿರಾಕಿಗಳು ಬಂದು ಕೇಳುವುದೇ ‘26 ಸೈಜ್ ಕೊಡ್ರಿ’ ಎಂದು, ಏಕೆಂದರೆ ಮಕ್ಕಳ ಸೈಕಲ್ಲನ್ನು 16, 20, 24 ಎಂದು ಗಾಲಿಯ ಲೆಕ್ಕದಲ್ಲಿಯೇ ಕೊಂಡು ರೂಢಿಯಾಗಿದೆ. ದೊಡ್ಡವರ ಎಂಟಿಬಿಯಲ್ಲಿ ಒಂದೇ ಗಾಲಿಗೆ ಮೂರು ನಾಲ್ಕು ಅಳತೆಯ ಫ್ರೇಮ್ ಇರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಯನ್ನು ನೋಡಿದರೆ ಸಂಶಯ ಉಳಿಯುವುದಿಲ್ಲ: ಕೊನೆಯಲ್ಲಿ 559 ಎಂದಿದ್ದರೆ 26ರ ಗಾಲಿ, 584 ಎಂದಿದ್ದರೆ 27.5, 622 ಎಂದಿದ್ದರೆ 29. ನಿಮ್ಮ ಎತ್ತರಕ್ಕೆ 27.5 ಅಥವಾ 29 ಯಾವುದಾದರೂ ನಡೆಯುತ್ತದೆ. ಮೊದಲು ಫ್ರೇಮ್ ನಿರ್ಧರಿಸಿ, ಗಾಲಿಯ ಮಾತು ಆಮೇಲೆ.

ಕಡಿಮೆ ಬೆಲೆಯ ಎಷ್ಟೋ ಮಾದರಿಗಳು ಒಂದೇ ಒಂದು ಫ್ರೇಮ್ ಅಳತೆಯಲ್ಲಿ ಬರುತ್ತವೆ ಎಂಬುದನ್ನೂ ಗಮನಿಸಿ. ಅಂಥ ಕಡೆ ಅಂಗಡಿಯವರು ನಿಮಗೆ ಹೊಂದುತ್ತದೆ ಎನ್ನದೆ ಬೇರೆ ದಾರಿಯಿಲ್ಲ. ಎರಡು ಅಳತೆಗಳಲ್ಲಿ ಸಿಗುವ ಮಾದರಿಯನ್ನೇ ಆರಿಸಿ, ಎರಡರ ಮೇಲೂ ಕುಳಿತು ನೋಡಿ.

ಇನ್ನೊಂದು ಮುಖ್ಯ ಸಂಗತಿಯೆಂದರೆ, ಒಬ್ಬರ 17 ಇನ್ನೊಬ್ಬರ 17 ಆಗಿರಬೇಕೆಂದೇನೂ ಇಲ್ಲ. ಕೆಲವು ಕಂಪನಿಗಳು ಪೆಡಲಿನ ಅಚ್ಚಿನ ನಡುವಿನಿಂದ ಸೀಟ್ ಟ್ಯೂಬಿನ (ಸೀಟಿನ ಕಂಬಿ ಒಳಗಿಳಿಯುವ ಫ್ರೇಮಿನ ಕೊಳವೆ) ಮೇಲ್ತುದಿಯವರೆಗೆ ಅಳೆಯುತ್ತವೆ, ಕೆಲವು ಅದು ಮೇಲಿನ ದಂಡಿಯನ್ನು ಕೂಡುವ ಜಾಗದವರೆಗೆ ಮಾತ್ರ ಅಳೆಯುತ್ತವೆ. ಎಸ್, ಎಂ, ಎಲ್ ಎಂಬ ಅಕ್ಷರಗಳಂತೂ ಅಂಗಿಯ ಅಳತೆಯ ಹಾಗೆ, ಕಂಪನಿಗೊಂದು ಲೆಕ್ಕ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಟೇಪು ಇರಲಿ. ನೀವು ದಂಡಿಯ ಎರಡೂ ಬದಿಗೆ ಕಾಲು ಹಾಕಿ ನಿಲ್ಲುವ ಜಾಗದಲ್ಲಿ, ಸೀಟಿನ ಮೂಗಿನಿಂದ ಒಂದು ಗೇಣು ಮುಂದೆ, ನೆಲದಿಂದ ದಂಡಿಯ ಮೇಲ್ಮೈವರೆಗೆ ಅಳೆದುಕೊಳ್ಳಿ.

ಸೀಟಿನ ಕಂಬಿಯ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತು. ಕಂಬಿಯ ಕೆಳಭಾಗದಲ್ಲಿ ಒಂದು ಅಡ್ಡ ಗೆರೆ ಇರುತ್ತದೆ, ಆ ಗೆರೆ ಎಂದಿಗೂ ಹೊರಗೆ ಕಾಣಬಾರದು. ಚಿಕ್ಕ ಫ್ರೇಮ್ ಕೊಂಡು ಕಂಬಿಯನ್ನು ಗೆರೆ ದಾಟಿಸಿ ಮೇಲೆತ್ತಿ ಓಡಿಸಿದ ಸೈಕಲ್ಲೊಂದು ನನ್ನ ಬಳಿ ಬಂದಿತ್ತು. ಸೀಟ್ ಟ್ಯೂಬಿನ ಮೇಲ್ಭಾಗದಲ್ಲಿ, ದಂಡಿ ಕೂಡುವ ಬೆಸುಗೆಯ ಹಿಂದೆ, ಕೂದಲೆಳೆಯಂತೆ ಶುರುವಾದ ಬಿರುಕು ಅರ್ಧ ಸುತ್ತು ಬಂದು ಬಿಟ್ಟಿತ್ತು. ಅಲ್ಯುಮಿನಿಯಂ ಫ್ರೇಮ್ ಆದ್ದರಿಂದ ಬೆಸುಗೆ ಹಾಕಿ ಭರವಸೆ ಕೊಡುವಂತಿರಲಿಲ್ಲ, ಇಡೀ ಫ್ರೇಮನ್ನೇ ಬಿಡಬೇಕಾಯಿತು. ಹೆಚ್ಚು ಎತ್ತರ ಬೇಕಿದ್ದರೆ ಉದ್ದದ ಕಂಬಿಯನ್ನೇ ಹಾಕಿಸಿ. 30, 35, 40 ಸೆಂ.ಮೀ. ಉದ್ದದವು ದೊರೆಯುತ್ತವೆ, ಆದರೆ ದಪ್ಪ ಅದೇ ಇರಬೇಕು. 27.2, 30.9, 31.6 ಮಿ.ಮೀ. ಎಂದು ಬೇರೆ ಬೇರೆ ದಪ್ಪಗಳಿವೆ, ಹಳೆಯ ಕಂಬಿಯ ಮೇಲೆಯೇ ಅಂಕಿ ಕೊರೆದಿರುತ್ತದೆ.


ಹೆಗ್ಗೇರಿ, ಹಾವೇರಿ

ಸರ್, ನಿಮ್ಮ ತಮ್ಮನವರಿಗೆ ದಂಡಿ ಬಡಿದ ಮಾತನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ನನ್ನ ಎತ್ತರ 155 ಸೆಂ.ಮೀ., ಒಳಗಾಲು 71. ಮೇಲೆ ಹೇಳಿದ ಲೆಕ್ಕದಂತೆ ನನಗೆ 16 ಇಂಚಿನ ಫ್ರೇಮ್ ಬೇಕಿತ್ತು. ಮೂರು ವರ್ಷದ ಹಿಂದೆ ಅಂಗಡಿಯೊಂದರಲ್ಲಿ 18 ಇಂಚಿನದೊಂದೇ ಇತ್ತು, ನಾಲ್ಕು ದಿನ ಓಡಿಸಿದರೆ ರೂಢಿಯಾಗುತ್ತದೆ ಎಂದರು, ನಾನೂ ಒಪ್ಪಿ ತಂದೆ. ಸೀಟನ್ನು ಪೂರ್ತಿ ಕೆಳಗಿಳಿಸಿದ ಮೇಲೆ ಕಾಲಿಗೆ ಪೆಡಲ್ ಸರಿಯಾಗಿಯೇ ಎಟುಕಿತು, ಆದ್ದರಿಂದ ಅಳತೆ ಸರಿಯಿದೆ ಎಂದು ಆರು ತಿಂಗಳು ನಂಬಿದ್ದೆ. ಭುಜದ ನೋವು ನನ್ನ ಅಶಕ್ತಿಯಿಂದ ಎಂದು ತಿಳಿದು ದಿನಾಲೂ ವ್ಯಾಯಾಮ ಮಾಡಿದೆ. ಹ್ಯಾಂಡಲನ್ನು ಹಿಡಿದಿಡುವ ಸ್ಟೆಮ್ಮನ್ನು 100 ಮಿ.ಮೀ.ನಿಂದ 60ಕ್ಕೆ ಇಳಿಸಿದಾಗ ನೋವು ಕಡಿಮೆಯಾಯಿತು, ಆದರೆ ದಂಡಿಯ ಎತ್ತರ ಹಾಗೆಯೇ ಉಳಿಯಿತು.

ಆ ಎತ್ತರದ ವಿಷಯವನ್ನು ಅಂಗಡಿಯ ಸಮತಟ್ಟಾದ ನೆಲದ ಮೇಲೆ ನಿಂತು ಅರಿಯುವುದು ಕಷ್ಟ. ಅಲ್ಲಿ ಎರಡು ಬೆರಳಿನಷ್ಟು ಅಂತರ ಇದ್ದರೂ ಸಾಕೆನಿಸುತ್ತದೆ. ಹೆಗ್ಗೇರಿ ಕೆರೆಯ ಆಚೆ ಮಸಾರಿ ಹೊಲಗಳ ನಡುವಿನ ದಾರಿಯಲ್ಲಿ ಮಳೆಗಾಲದಲ್ಲಿ ಕೊರಕಲು ಬಿದ್ದಿರುತ್ತದೆ. ಒಮ್ಮೆ ಸೈಕಲ್ ಜಾರಿದಾಗ ನಾನು ಎಡಗಾಲು ಊರಿದ್ದು ಆ ಕೊರಕಲಿನೊಳಕ್ಕೆ, ಅಲ್ಲಿ ನೆಲ ಗಾಲಿಗಿಂತ ಒಂದು ಗೇಣು ಕೆಳಗಿತ್ತು. ಆಗ ಆದ ಪೆಟ್ಟಿಗೆ ಹದಿನೈದು ದಿನ ಸೈಕಲ್ ಮುಟ್ಟಲಾಗಲಿಲ್ಲ. ಸಮ ನೆಲದ ಮೇಲೆ ಬೂಟು ಹಾಕಿ ನಿಂತಾಗ ಕನಿಷ್ಠ 5 ಸೆಂ.ಮೀ. ಅಂತರವಿರಬೇಕು ಎಂಬ ನಿಯಮ ಇಂಥ ಜಾಗಗಳಿಗಾಗಿಯೇ ಇದೆ, ಗುಡ್ಡದ ದಾರಿಗೆ ಇನ್ನೂ ಹೆಚ್ಚಿದ್ದಷ್ಟೂ ಒಳಿತು.

ಕಡೆಗೆ ಆ ಸೈಕಲ್ಲನ್ನು ನನ್ನ ಅಣ್ಣನಿಗೆ ಕೊಟ್ಟು, ಬೇರೆ ಊರಿನಿಂದ ದಂಡಿ ಹಿಂದಕ್ಕೆ ಇಳಿಜಾರಾಗಿ ಬಾಗಿರುವ 15 ಇಂಚಿನ ಫ್ರೇಮನ್ನು ತರಿಸಿಕೊಂಡೆ. ಲೆಕ್ಕದ ಪ್ರಕಾರ ಅದು ನನಗೆ ಒಂದು ಇಂಚು ಚಿಕ್ಕದು. ಸೀಟಿನ ಕಂಬಿ ತುಸು ಹೆಚ್ಚು ಹೊರಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಹೆಣ್ಣುಮಕ್ಕಳ ಸೈಕಲ್ ಎಂಬ ಹೆಸರಿನಲ್ಲಿ ಬರುವ ಮಾದರಿಗಳನ್ನೂ ನೋಡಿದೆ. ಹೆಸರಿಗಿಂತ ದಂಡಿಯ ಎತ್ತರ ಮತ್ತು ಉದ್ದವನ್ನು ಅಳೆದು ನೋಡುವುದೇ ಸರಿ ಎಂಬುದು ನನ್ನ ಅನುಭವ.


ಕೆಲಗೇರಿ ದಂಡೆ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾವ್ರೇ, ನೀವು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದ ಮೇಲೆಯೇ ಅವನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಲು ಒಪ್ಪಿದ್ದು.

ನಿನ್ನೆ ರಾತ್ರಿ ಊಟವಾದ ಮೇಲೆ ಪಡಸಾಲೆಯ ಗೋಡೆಯಲ್ಲಿ ಇಬ್ಬರ ಅಳತೆಯನ್ನೂ ಮೂರು ಮೂರು ಸಲ ತೆಗೆದೆವು. ತಲೆಯ ಮೇಲಿನ ಗೆರೆ ಇಬ್ಬರದೂ ಒಂದೇ ಕಡೆ ಬಂತು. ಕೆಳಗಿನ ಗೆರೆಗಳ ನಡುವಿನ ಅಂತರ ನೋಡಿ ಅವ್ವ ಕೂಡ ಬೆರಗಾದರು: ನನ್ನ ಒಳಗಾಲು 80 ಸೆಂ.ಮೀ., ಅವನದು 75. ಕೈ ಚಾಚಿದ ಅಳತೆ ನನ್ನದು 165, ಅವನದು 172. ಟೇಲರ್ ಲೆಕ್ಕದ 30 ಇಂಚು ಅಂದರೆ 76 ಸೆಂ.ಮೀ. ಆಗುತ್ತದೆ, ಅಂದರೆ ನಾನು ಅಂಗಡಿಯಲ್ಲಿ 4 ಸೆಂ.ಮೀ. ಕಡಿಮೆ ಹೇಳಿ ಬಂದಿದ್ದೆ.

ಸೂತ್ರ ಹಾಕಿದರೆ ನನಗೆ 18.1 ಇಂಚು, ಅವನಿಗೆ ಹೆಚ್ಚು ಕಡಿಮೆ 17 ಇಂಚು ಬರುತ್ತದೆ. ಇಂದು ಅಂಗಡಿಗೆ ಹೋಗಿ 27.5 ಗಾಲಿಯ ಒಂದೇ ಮಾದರಿಯ 17 ಮತ್ತು 19 ಎರಡನ್ನೂ ಹೊರಗೆ ತೆಗೆಸಿ ಟೇಪು ಹಿಡಿದೆ. ದಂಡಿಯ ಎತ್ತರ 17ರಲ್ಲಿ 72 ಸೆಂ.ಮೀ., 19ರಲ್ಲಿ 75.5. ಬೂಟು ಹಾಕಿದಾಗ ತಮ್ಮನ ಒಳಗಾಲು 77.5 ಆಗುತ್ತದೆ. ಹಾಗಾಗಿ ಚಿಕ್ಕದರಲ್ಲಿ ಅವನಿಗೆ 5.5 ಸೆಂ.ಮೀ. ಅಂತರ ಸಿಗುತ್ತದೆ, ದೊಡ್ಡದರಲ್ಲಿ 2 ಮಾತ್ರ. ನನಗೆ ಎರಡರಲ್ಲೂ ಸಾಕಷ್ಟು ಅಂತರವಿದೆ. ಈಗ ನನ್ನ ಸಂಶಯ ಇಷ್ಟೇ: ನನ್ನ ಕಾಲು 18 ಕೇಳುತ್ತಿರುವಾಗ 17 ಒಯ್ದರೆ ನನಗೆ ಇಕ್ಕಟ್ಟಾಗುವುದಿಲ್ಲವೇ?


ಗರಸು ಹಾದಿ, ಗದಗ

ಇಷ್ಟು ಚೊಕ್ಕವಾಗಿ ಅಳತೆ ಕೊಟ್ಟವರು ಅಪರೂಪ. ಸಂಶಯವಿಲ್ಲದೆ 17 ಒಯ್ಯಿರಿ.

ನಿಮ್ಮ ಕಾಲು 18 ಕೇಳುತ್ತಿದೆ, ಆದರೆ ನಿಮ್ಮ ಕೈ ಮತ್ತು ಬೆನ್ನು ಕೇಳುತ್ತಿರುವುದು ಅದಕ್ಕಿಂತ ಚಿಕ್ಕದನ್ನು. ಕಾಲಿನ ಬೇಡಿಕೆಯನ್ನು ಸೀಟಿನ ಕಂಬಿ ಪೂರೈಸುತ್ತದೆ. ಕೈಯ ಬೇಡಿಕೆಯನ್ನು ಪೂರೈಸಲು ದೊಡ್ಡ ಫ್ರೇಮಿನಲ್ಲಿ ದಾರಿಯಿಲ್ಲ, ಸ್ಟೆಮ್ಮನ್ನು ಒಂದು ಮಿತಿಯವರೆಗೆ ಮಾತ್ರ ಚಿಕ್ಕದು ಮಾಡಬಹುದು. ನಿಮ್ಮ ತಮ್ಮನವರಿಗೆ ದಂಡಿಯ ಎತ್ತರವೇ 19ನ್ನು ಬೇಡವೆನ್ನುತ್ತದೆ. ಹೀಗೆ ಇಬ್ಬರೂ ಬೇರೆ ಬೇರೆ ಕಾರಣಗಳಿಂದ ಒಂದೇ ಫ್ರೇಮಿಗೆ ಬಂದು ನಿಂತಿದ್ದೀರಿ.

ಆದರೆ ಒಂದೇ ಫ್ರೇಮ್ ಎಂದರೆ ಒಂದೇ ಸೀಟಿನ ಎತ್ತರ ಎಂದಲ್ಲ. 0.883ರ ಲೆಕ್ಕದಲ್ಲಿ ನಿಮ್ಮದು 70.6 ಸೆಂ.ಮೀ., ಅವರದು 66.2. ನಡುವೆ 4.4 ಸೆಂ.ಮೀ. ವ್ಯತ್ಯಾಸವಿದೆ. ನೀವು ಇಳಿದ ಮೇಲೆ ಅವರು ಹಾಗೆಯೇ ಹತ್ತಿದರೆ ಸೊಂಟ ಓಲುತ್ತದೆ, ಮೊಣಕಾಲಿನ ಹಿಂಭಾಗ ಎಳೆಯುತ್ತದೆ. ಅವರು ಇಳಿದ ಮೇಲೆ ನೀವು ಹಾಗೆಯೇ ಹತ್ತಿದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಪ್ರತಿ ಸಲ ಬದಲಾಯಿಸುವ ರೂಢಿ ಇಬ್ಬರಿಗೂ ಆಗಬೇಕು.

ನೀವು ಗಣಿತದವರಾದ್ದರಿಂದ ಇನ್ನೊಂದನ್ನು ಹೇಳುತ್ತೇನೆ. ಸೀಟ್ ಟ್ಯೂಬ್ ನೆಟ್ಟಗೆ ನಿಂತಿರುವುದಿಲ್ಲ, ಸುಮಾರು 73 ಡಿಗ್ರಿಯಲ್ಲಿ ಹಿಂದಕ್ಕೆ ಒರಗಿರುತ್ತದೆ. ಅದರಿಂದ ಸೀಟು 4.4 ಸೆಂ.ಮೀ. ಮೇಲೇರಿದಾಗ 1.3 ಸೆಂ.ಮೀ. ಹಿಂದಕ್ಕೂ ಸರಿಯುತ್ತದೆ. ಅಂದರೆ ಕೈ ಚಿಕ್ಕದಿರುವ ನಿಮಗೆ ಹ್ಯಾಂಡಲ್ ಇನ್ನಷ್ಟು ದೂರವಾಗುತ್ತದೆ, ಕೈ ಉದ್ದವಿರುವ ಅವರಿಗೆ ಹತ್ತಿರವಾಗುತ್ತದೆ. ಹಂಚಿಕೊಳ್ಳುವ ಸೈಕಲ್ಲಿನ ನಿಜವಾದ ತೊಡಕು ಇದು. ಆದ್ದರಿಂದ ಸ್ಟೆಮ್ಮನ್ನು ನಿಮ್ಮ ಕೈಗೆ ತಕ್ಕಂತೆ ಆರಿಸಿ, 60 ಮಿ.ಮೀ. ಸಾಕು. ತಮ್ಮನವರಿಗೆ ಕುಳಿತಾಗ ತುಸು ಹತ್ತಿರವೆನಿಸಬಹುದು, ಮೊಣಕೈ ಬಾಗಿಸಿ ಹಿಡಿದರೆ ಅದು ಸರಿಹೋಗುತ್ತದೆ. ಮೊಣಕೈ ಬಾಗಿರುವುದು ಕಲ್ಲಿನ ದಾರಿಯಲ್ಲಿ ಹೇಗೂ ಒಳ್ಳೆಯದೇ. ಸೀಟನ್ನು ಹಳಿಯ ಮೇಲೆ ಮುಂದೆ ತಳ್ಳಿ ಕೈ ಎಟುಕಿಸಿಕೊಳ್ಳಲು ಮಾತ್ರ ಹೋಗಬೇಡಿ. ಸೀಟಿನ ಹಿಂದು ಮುಂದು ಇರುವುದು ಮೊಣಕಾಲು ಪೆಡಲಿನ ಮೇಲೆ ಸರಿಯಾಗಿ ಬರಲಿ ಎಂದು, ಹ್ಯಾಂಡಲಿನ ದೂರವನ್ನು ತಿದ್ದಲು ಅಲ್ಲ.

ಕೊಳ್ಳುವ ಮುನ್ನ ಅಂಗಡಿಯ ಮುಂದಿನ ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಸಾಲದು. ಒಂದು ಸಣ್ಣ ಏರು ಇರುವ ಕಡೆ ಒಯ್ಯಲು ಒಪ್ಪಿಗೆ ಕೇಳಿ. ಏರಿನಲ್ಲಿ ಕುಳಿತು ತುಳಿಯುವಾಗ ಮೊಣಕಾಲು ಹ್ಯಾಂಡಲಿಗೆ ತಾಗಬಾರದು, ಮುಂದಿನ ಗಾಲಿ ನೆಲ ಬಿಟ್ಟು ಏಳಬಾರದು. ಇಳಿಯುವಾಗ ಎದ್ದು ನಿಂತು ಸೊಂಟವನ್ನು ಸೀಟಿನ ಹಿಂದಕ್ಕೆ ಒಯ್ದಾಗ ಕೈಗಳು ಬಿಗಿಯಾಗಿ ಎಳೆಯಬಾರದು.


ಪಾನಾ ಪಕ್ಕಡ, ಹುಬ್ಬಳ್ಳಿ

ಕಂಬಿಯ ಲೆಕ್ಕವನ್ನು ನಾನು ಮಾಡಿ ಕೊಡುತ್ತೇನೆ. 17 ಇಂಚು ಅಂದರೆ ಸೀಟ್ ಟ್ಯೂಬ್ 43.2 ಸೆಂ.ಮೀ. ಗುರುಗಳ ಎತ್ತರ 70.6ರಿಂದ ಅದನ್ನು ಕಳೆದರೆ 27.4 ಉಳಿಯುತ್ತದೆ. ಅದರಲ್ಲಿ ಸೀಟು ಮತ್ತು ಅದರ ಹಳಿಗೆ ಸುಮಾರು 5 ಸೆಂ.ಮೀ. ಹೋದರೆ, ಕಂಬಿ 22 ಸೆಂ.ಮೀ.ಗಿಂತ ತುಸು ಹೆಚ್ಚು ಹೊರಗೆ ಇರಬೇಕು. ಒಳಗೆ ಕನಿಷ್ಠ 10 ಸೆಂ.ಮೀ. ಉಳಿಯಲೇಬೇಕು. ಒಟ್ಟು 32 ಆಯಿತು. ಸೈಕಲ್ ಜೊತೆಗೆ 30ರ ಕಂಬಿ ಬಂದಿದ್ದರೆ ಅದು ತಮ್ಮನವರಿಗೆ ಸಾಲುತ್ತದೆ, ಗುರುಗಳಿಗೆ ಸಾಲುವುದಿಲ್ಲ. ಅಂಗಡಿಯಲ್ಲಿಯೇ 35ರ ಕಂಬಿ ಹಾಕಿಸಿಕೊಂಡು ಬನ್ನಿ. ಕಂಬಿ ಬಿಗಿಯುವ ಕ್ಲ್ಯಾಂಪ್ ಬೋಲ್ಟಿನದಾಗಿದ್ದರೆ ಲಿವರ್ ಇರುವುದನ್ನು ಹಾಕಿಸಿ, ದಿನಾಲೂ ಪಾನಾ ಹುಡುಕುವುದು ತಪ್ಪುತ್ತದೆ. ಕಂಬಿಯನ್ನು ಮೇಲೆ ಕೆಳಗೆ ಮಾಡುವಾಗಲೆಲ್ಲ ಮೊದಲು ಬಟ್ಟೆಯಿಂದ ಒರೆಸಿ. ಧಾರವಾಡದ ಮಳೆಗಾಲದಲ್ಲಿ ಗರಸಿನ ನುಣ್ಣನೆಯ ಕಣ ಅಂಟಿಕೊಂಡಿರುತ್ತದೆ, ಅದು ಟ್ಯೂಬಿನೊಳಗೆ ಇಳಿದರೆ ಅರದಂತೆ ಕೊರೆಯುತ್ತದೆ.


ಕೆಲಗೇರಿ ದಂಡೆ, ಧಾರವಾಡ

ಶುಕ್ರವಾರ 17 ಇಂಚಿನದನ್ನೇ ತಂದೆವು. ಜೊತೆಗೆ ಬಂದ ಕಂಬಿ 30 ಸೆಂ.ಮೀ. ಇತ್ತು, ಅಂಗಡಿಯವರು ವ್ಯತ್ಯಾಸದ ಹಣ ತೆಗೆದುಕೊಂಡು 35ರದನ್ನು ಹಾಕಿಕೊಟ್ಟರು. ಸ್ಟೆಮ್ 80 ಮಿ.ಮೀ. ಇದ್ದದ್ದನ್ನು 60ಕ್ಕೆ ಬದಲಾಯಿಸಿದ್ದಾರೆ. ಕಂಬಿಯ ಮೇಲೆ ನನ್ನ ಎತ್ತರಕ್ಕೆ ಕೆಂಪು, ತಮ್ಮನ ಎತ್ತರಕ್ಕೆ ಹಳದಿ ಇನ್ಸುಲೇಷನ್ ಟೇಪಿನ ಸಣ್ಣ ಪಟ್ಟಿ ಸುತ್ತಿದ್ದೇವೆ. ನನ್ನ ಗುರುತನ್ನು ಹೇಳಿದಂತೆ ಒಂದು ಸೆಂ.ಮೀ. ಕೆಳಗಿಟ್ಟು 69.6ಕ್ಕೆ ನಿಲ್ಲಿಸಿದ್ದೇನೆ.

ಇಂದು ಮುಂಜಾನೆ ಕೆಲಗೇರಿಯಿಂದ ಮುಗದದ ದಾರಿಯಲ್ಲಿ ಒಂದು ತಾಸು ಹತ್ತು ನಿಮಿಷ ಓಡಿಸಿದೆ, ಅಂಗೈಗೆ ಜೋಮು ಬರಲಿಲ್ಲ. ಸಂಜೆ ತಮ್ಮ ಹಳದಿ ಪಟ್ಟಿಗೆ ಇಳಿಸಿಕೊಂಡು ನುಗ್ಗಿಕೇರಿಯ ಕಡೆಗೆ ಹೋಗಿ ಬಂದ. ಇಳಿಜಾರಿನಲ್ಲಿ ಬೇಕೆಂದೇ ಎರಡು ಸಲ ನಿಲ್ಲಿಸಿ ಕಾಲು ಊರಿ ನೋಡಿದನಂತೆ, ದಂಡಿ ತಾಗಲಿಲ್ಲ. ಏರಿನಲ್ಲಿ ಮಾತ್ರ ಹ್ಯಾಂಡಲ್ ತುಸು ಹತ್ತಿರವೆನಿಸಿತು ಎಂದ. ಒಂದು ತಿಂಗಳು ಹೀಗೆಯೇ ಓಡಿಸಿ, ಆಮೇಲೂ ಹಾಗೆಯೇ ಅನಿಸಿದರೆ 70ರ ಸ್ಟೆಮ್ ಇಬ್ಬರಿಗೂ ನಡೆಯುತ್ತದೆಯೇ ಎಂದು ನೋಡುತ್ತೇವೆ. ಆಗ ಮತ್ತೆ ಇಲ್ಲಿ ಬರೆಯುತ್ತೇನೆ.